ಸಂಘದ ಸಾಲದಲ್ಲಿ ಬಂದ ಮರ ಕೊಯ್ಯುವ ಯಂತ್ರ: ಬಳಕೆ ಮತ್ತು ಜೋಪಾಸನೆ



ಹಿಂದೆಲ್ಲಾ ನಮ್ಮ ಸ್ವಸಹಾಯ ಸಂಘಗಳಲ್ಲಿ ಸಾಲ ಕೇಳುತ್ತಿದ್ದುದು ದನ, ಹೊಲಿಗೆ ಮೆಷಿನ್, ಮಲ್ಲಿಗೆ ಗಿಡಕ್ಕೆ. ಈಗ ಕರಾವಳಿಯಲ್ಲೂ ಮಲೆನಾಡಿನಲ್ಲೂ ಮರ ಕೊಯ್ಯುವ ಯಂತ್ರಕ್ಕೆ, ಅಂದರೆ ಚೈನ್ ಸಾಗೆ, ಸಾಲ ಕೇಳುವವರಿದ್ದಾರೆ. ತೋಟದ ನೆರಳು ಮರದ ಗೆಲ್ಲು ಕಡಿಯಲಿಕ್ಕೆ, ಮಳೆಗಾಲದಲ್ಲಿ ದಾರಿಗೆ ಬಿದ್ದ ಮರ ತೆಗೆಯಲಿಕ್ಕೆ, ಕಟ್ಟಿಗೆ ತುಂಡು ಮಾಡಲಿಕ್ಕೆ ಇದಕ್ಕೆ ಕೆಲಸ ಉಂಟು, ಸಂಪಾದನೆಯೂ ಉಂಟು.

"ಯಂತ್ರ ಹಿಡಿಯುವುದು ಗಂಡಸರು, ಇದೆಲ್ಲಾ ನಮಗೆ ಯಾಕೆ ಸಿಸ್ಟರ್?" ಅಂತ ನೀವು ಕೇಳಬಹುದು. ಸಾಲದ ಪತ್ರಕ್ಕೆ ಸಹಿ ಹಾಕುವವರು ನೀವು, ಕಂತು ಕಟ್ಟುವವರು ನೀವು. ಗೆಲ್ಲು ಹಿಡಿದುಕೊಂಡು ನಿಲ್ಲುವವರು, ಪಕ್ಕದಲ್ಲೇ ಕಟ್ಟಿಗೆ ಹೆಕ್ಕುವವರು ಹೆಚ್ಚಾಗಿ ಹೆಂಗಸರೇ. ಗಂಡನಿಗೋ ಮಗನಿಗೋ ಪೆಟ್ಟಾದರೆ ಆಸ್ಪತ್ರೆಯ ಖರ್ಚು, ಮನೆಯ ಖರ್ಚು, ಸಂಘದ ಕಂತು ಮೂರೂ ನಿಮ್ಮ ಮೇಲೇ ಬೀಳುತ್ತವೆ. ಆದ್ದರಿಂದ ಈ ವಿಷಯ ನೀವು ತಿಳಿದಿರಲೇಬೇಕು.

ಅಪಾಯ ಎಲ್ಲಿದೆ?

ಪೂರ್ಣ ವೇಗದಲ್ಲಿ ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಕೈ ಬೆರಳಿಗೋ ಕಾಲಿಗೋ ತಾಗಿದರೆ ಹಿಂದೆ ಎಳೆದುಕೊಳ್ಳಲು ಸಮಯವೇ ಸಿಗುವುದಿಲ್ಲ. ಚೈನ್ ಓಡುವ ಉದ್ದನೆಯ ಪಟ್ಟಿಗೆ 'ಬಾರ್' ಎನ್ನುತ್ತಾರೆ. ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಯಂತ್ರ ತಟ್ಟನೆ ಎಗರಿ ಮುಖ, ಕುತ್ತಿಗೆಯ ಕಡೆ ಬರುತ್ತದೆ. ಇದೇ 'ಕಿಕ್ ಬ್ಯಾಕ್'. ದೊಡ್ಡ ಗಾಯಗಳಾಗುವುದು ಹೆಚ್ಚಾಗಿ ಹೀಗೆ. ಆದ್ದರಿಂದ ತುದಿಯಿಂದ ಕೊಯ್ಯಬಾರದು, ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯಬಾರದು, ಒಂದೇ ಕೈಯಲ್ಲಿ ಹಿಡಿಯಲೇಬಾರದು. ಮುಂದಿನ ಹಿಡಿಯನ್ನು ಎಡಗೈಯ ಹೆಬ್ಬೆರಳು ಸುತ್ತಿ ಹಿಡಿದಿರಬೇಕು.

ಮನೆಯಿಂದ ಹೊರಡುವ ಮೊದಲು

1. ಲುಂಗಿ, ಹವಾಯಿ ಚಪ್ಪಲಿ ಹಾಕಿ ಈ ಕೆಲಸಕ್ಕೆ ಹೋಗುವುದನ್ನು ನಾವು ಎಷ್ಟೋ ಕಡೆ ನೋಡುತ್ತೇವೆ. ಬೂಟು, ಗ್ಲೌಸು, ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್ ಬೇಕು. ಶಬ್ದ 100 ಡೆಸಿಬೆಲ್‌ಗೂ ಮೇಲೆ ಇರುವುದರಿಂದ ಕಿವಿಗೂ ರಕ್ಷಣೆ ಬೇಕು. ಇದಕ್ಕೆಂದೇ ಮಾಡಿದ ಪ್ಯಾಂಟು ಸಿಗುತ್ತದೆ; ಅದರೊಳಗಿನ ಉದ್ದ ನೂಲುಗಳು ಚೈನಿಗೆ ಸಿಕ್ಕಿ ಅದನ್ನು ನಿಲ್ಲಿಸುತ್ತವೆ.

2. ಚೈನ್ ಬ್ರೇಕ್ ಕೆಲಸ ಮಾಡುತ್ತದೆಯೇ ಅಂತ ದಿನಾ ನೋಡಬೇಕು. ಬ್ರೇಕ್ ಹಾಳಾದ ಯಂತ್ರ ಅಂದು ಮನೆಯಲ್ಲೇ ಇರಲಿ.

3. ಕುಡಿದವರ ಕೈಗೆ ಯಂತ್ರ ಕೊಡಬೇಡಿ. ಇದನ್ನು ಹೇಳುವ ಹಕ್ಕು ನಿಮಗಿದೆ.

ಕೆಲಸದ ಜಾಗದಲ್ಲಿ

ಯಂತ್ರವನ್ನು ನೆಲದ ಮೇಲಿಟ್ಟು, ಬ್ರೇಕ್ ಹಾಕಿ, ಹಿಂದಿನ ಹಿಡಿಯನ್ನು ಬಲಗಾಲಿನಿಂದ ಒತ್ತಿ ಹಿಡಿದು ಸ್ಟಾರ್ಟ್ ಮಾಡಬೇಕು. ಗಾಳಿಯಲ್ಲಿ ನೇತಾಡಿಸಿ ಹಗ್ಗ ಎಳೆಯುವುದು ತಪ್ಪು. ಮರ ಉರುಳಿಸುವಾಗ ಅದರ ಎತ್ತರದ ಎರಡು ಪಾಲು ದೂರದೊಳಗೆ ಬೇರೆ ಯಾರೂ ಇರಬಾರದು. ತರಬೇತಿ ಇಲ್ಲದವರು ನಿಂತ ಮರಕ್ಕೆ ಕೈ ಹಾಕಬಾರದು. ಕೊಯ್ಯುವ ಗೆಲ್ಲನ್ನು ನೀವು ಕೈಯಲ್ಲಿ ಹಿಡಿದು ನಿಲ್ಲಬೇಡಿ. ಯಂತ್ರ ನಿಂತ ಮೇಲೆಯೇ ಕಟ್ಟಿಗೆ ಹೆಕ್ಕಿ. ಆಗಲೂ ಸೆರಗು, ಶಾಲು, ಜಡೆ ಕಟ್ಟಿಕೊಂಡಿರಿ. ಕರೆಂಟಿನ ತಂತಿಯ ಮೇಲೆ ಬಿದ್ದ ಮರವನ್ನು ಮುಟ್ಟಲೇಬೇಡಿ. 1912ಕ್ಕೆ ಫೋನ್ ಮಾಡಿ, ಲೈನ್ ಆಫ್ ಆದದ್ದು ಖಾತ್ರಿಯಾಗುವವರೆಗೆ ಕಾಯಿರಿ.

ಇನ್ನೊಂದು ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಾಗದ ಮರ ಕಡಿಯಲಿಕ್ಕೂ ಅನುಮತಿ ಬೇಕು. ಕೆಲವು ಜಾತಿಯ ಮರಗಳಿಗೆ ವಿನಾಯಿತಿ ಇದೆ. ಅರಣ್ಯ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ.

ಯಂತ್ರದ ಜೋಪಾಸನೆ

ಪೆಟ್ರೋಲ್: ಪೆಟ್ರೋಲಿಗೆ ಟು ಸ್ಟ್ರೋಕ್ ಆಯಿಲ್ ಬೆರೆಸಲೇಬೇಕು, ಇಲ್ಲದಿದ್ದರೆ ಎಂಜಿನ್ ಹಿಡಿದುಕೊಳ್ಳುತ್ತದೆ. ಯಂತ್ರದ ಪುಸ್ತಕದಲ್ಲಿ 50ಕ್ಕೆ 1 ಎಂದಿದ್ದರೆ ಒಂದು ಲೀಟರಿಗೆ 20 ಮಿಲಿ, 25ಕ್ಕೆ 1 ಎಂದಿದ್ದರೆ 40 ಮಿಲಿ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ನೀರಿನ ಪಸೆ ಎಳೆದುಕೊಳ್ಳುತ್ತದೆ. ಬೆರೆಸಿದ್ದನ್ನು ಒಂದು ತಿಂಗಳಿಗಿಂತ ಹೆಚ್ಚು ಇಡಬೇಡಿ. ತುಂಬ ದಿನ ಕೆಲಸ ಇಲ್ಲದಿದ್ದರೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಬಿಸಿ ಎಂಜಿನಿಗೆ ಪೆಟ್ರೋಲ್ ಹಾಕಬೇಡಿ. ಹಾಕಿದ ಜಾಗದಿಂದ ಹತ್ತು ಅಡಿ ದೂರ ಹೋಗಿ ಸ್ಟಾರ್ಟ್ ಮಾಡಿ. ಬೀಡಿ, ಒಲೆ ಹತ್ತಿರ ಇರಬಾರದು.

ಚೈನ್ ಆಯಿಲ್: ಇದು ಬೇರೆಯೇ ಎಣ್ಣೆ, ಬೇರೆಯೇ ಟ್ಯಾಂಕ್. ಉಳಿತಾಯ ಅಂತ ಗ್ಯಾರೇಜಿನ ಸುಟ್ಟ ಆಯಿಲ್ ಹಾಕಿದರೆ ಪಂಪ್ ಹಾಳಾಗುತ್ತದೆ, ಚರ್ಮಕ್ಕೂ ಕೆಟ್ಟದು.

ಚೈನ್ ಬಿಗಿ: ಯಂತ್ರ ನಿಂತು ತಣ್ಣಗಾದ ಮೇಲೆ ಗ್ಲೌಸು ಹಾಕಿ ನೋಡಿ. ಚೈನ್ ಬಾರಿನ ಕೆಳಗೆ ಜೋತು ಬೀಳಬಾರದು. ಬ್ರೇಕ್ ತೆಗೆದು ಕೈಯಿಂದ ಎಳೆದರೆ ಸರಾಗವಾಗಿ ಸುತ್ತಬೇಕು. ಹೊಸ ಚೈನ್ ಬೇಗ ಸಡಿಲವಾಗುತ್ತದೆ, ಆಗಾಗ ನೋಡಿ.

ಹರಿತ: ಮರದ ಚಕ್ಕೆ ಬೀಳುತ್ತಿದ್ದರೆ ಚೈನ್ ಹರಿತವಾಗಿದೆ. ಹಿಟ್ಟಿನಂಥ ಹುಡಿ ಬಂದರೆ ಮೊಂಡಾಗಿದೆ ಎಂದರ್ಥ. ಮೊಂಡು ಚೈನನ್ನು ಒತ್ತಿ ಕೊಯ್ಯುವವನಿಗೆ ಬೇಗ ಸುಸ್ತಾಗುತ್ತದೆ, ಅಪಾಯವೂ ಹೆಚ್ಚು. ಸರಿಯಾದ ಅಳತೆಯ ದುಂಡು ಅರದಿಂದ, ಒಂದೇ ದಿಕ್ಕಿನಲ್ಲಿ, ಪ್ರತಿ ಹಲ್ಲಿಗೂ ಅಷ್ಟೇ ಸಲ ಉಜ್ಜಬೇಕು.

ಕೆಲಸ ಮುಗಿದ ಮೇಲೆ ಏರ್ ಫಿಲ್ಟರಿನ ಹುಡಿ ತೆಗೆದು, ಬಾರಿಗೆ ಕವರ್ ಹಾಕಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಪೆಟ್ಟಾದರೆ

ಶುದ್ಧ ಬಟ್ಟೆಯಿಂದ ಗಾಯವನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ರಕ್ತದಲ್ಲಿ ಒದ್ದೆಯಾದರೆ ಆ ಬಟ್ಟೆ ತೆಗೆಯದೆ ಅದರ ಮೇಲೇ ಇನ್ನೊಂದು ಇಟ್ಟು ಒತ್ತಿ. ಕಾಫಿ ಪುಡಿ, ಅರಿಶಿನ ಹಾಕಬೇಡಿ. 108ಕ್ಕೆ ಫೋನ್ ಮಾಡಿ. ಬೆರಳು ತುಂಡಾಗಿದ್ದರೆ ಒದ್ದೆ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ಮೇಲೆ ಇಟ್ಟು ಜೊತೆಗೇ ಕೊಂಡೊಯ್ಯಿರಿ. ಐಸ್ ನೇರ ತಾಗಬಾರದು.

ಸಂಘ ಏನು ಮಾಡಬಹುದು?

ಸಾಲದ ಅರ್ಜಿಯಲ್ಲಿ ಯಂತ್ರದ ಬೆಲೆ ಮಾತ್ರ ಬರೆಯಬೇಡಿ. ಹೆಲ್ಮೆಟ್, ಬೂಟು, ಪ್ಯಾಂಟಿನ ಬೆಲೆಯನ್ನೂ ಸೇರಿಸಿ. ಯಂತ್ರ ಸಂಘದ್ದಾದರೆ ಒಂದು ಪುಸ್ತಕ ಇಡಿ: ಯಾರು ಕೊಂಡುಹೋದರು, ಎಂದು ತಂದರು, ಬ್ರೇಕ್ ಸರಿ ಇತ್ತೇ, ಚೈನ್ ಎಂದು ಬದಲಾಯಿಸಿದ್ದು. ಯಂತ್ರ ಹಿಡಿಯುವವರಿಗೆ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಮಾಡಿಸಿದ್ದೀರಾ ಅಂತ ಕೇಳಿ. 2015ರಲ್ಲಿ ಶುರುವಾದ ಈ ವಿಮೆಗೆ 2022ರಿಂದ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದ, ಬ್ಯಾಂಕ್ ಖಾತೆ ಇರುವವರು ಸೇರಬಹುದು. ಅಪಘಾತದಲ್ಲಿ ಮರಣವಾದರೆ 2 ಲಕ್ಷ, ಒಂದು ಕೈ ಅಥವಾ ಕಾಲು ಶಾಶ್ವತವಾಗಿ ಹೋದರೆ 1 ಲಕ್ಷ ರೂಪಾಯಿ ಸಿಗುತ್ತದೆ.

ದೇವರು ಕಾಪಾಡುತ್ತಾನೆ ಎಂಬ ನಂಬಿಕೆ ನಮ್ಮೆಲ್ಲರಿಗೂ ಇದೆ. ಅವನು ಕೊಟ್ಟ ಕೈಕಾಲನ್ನು ಜೋಪಾನ ಮಾಡುವ ಕೆಲಸ ಮಾತ್ರ ನಮ್ಮದು. ಮುಂದಿನ ವಾರದ ಸಭೆಯಲ್ಲಿ ಈ ಕರಪತ್ರವನ್ನು ಒಬ್ಬರು ಗಟ್ಟಿಯಾಗಿ ಓದಿ, ಎಲ್ಲರೂ ಚರ್ಚಿಸಿ. ಆಮೇಲೆ ಮನೆಗೆ ಕೊಂಡುಹೋಗಿ, ಯಂತ್ರ ಹಿಡಿಯುವವರಿಗೂ ಓದಿ ಹೇಳಿ.