ಮಳೆ ಬಂದರೆ ಜಮಖಾನಕ್ಕೆ ನಾಯಿ ವಾಸನೆ ಏಕೆ?

ಪ್ರಶ್ನೆ: ಬೇಸಿಗೆಯಲ್ಲಿ ಇಲ್ಲದ ನಾಯಿ ವಾಸನೆ ಮಳೆಗಾಲದಲ್ಲಿ ಮಾತ್ರ ಜಮಖಾನದಿಂದ ಏಕೆ ಬರುತ್ತದೆ? ಹೋಗಲಾಡಿಸುವುದು ಹೇಗೆ? (ಓದುಗರು, ಕೊಪ್ಪ)

ಉತ್ತರ: ವಾಸನೆ ಬೇಸಿಗೆಯಲ್ಲೂ ಅಲ್ಲೇ ಇರುತ್ತದೆ, ಮೂಗಿಗೆ ತಲುಪುವುದಿಲ್ಲ ಅಷ್ಟೆ. ನಾಯಿಯ ಮೈಯಿಂದ ಉದುರುವ ಹೊಟ್ಟು, ಚರ್ಮದ ಜಿಡ್ಡು ಎಳೆಗಳ ನಡುವೆ ಸೇರುತ್ತವೆ. ಬ್ಯಾಕ್ಟೀರಿಯ, ಯೀಸ್ಟ್‌ಗಳು ಅವನ್ನು ತಿಂದು ಕೊಬ್ಬಿನಾಮ್ಲಗಳಂಥ ನಾತದ ವಸ್ತುಗಳನ್ನು ಬಿಡುತ್ತವೆ. ತೇವ ತಾಗಿದೊಡನೆ ಅವು ಎಳೆ ಬಿಟ್ಟು ಗಾಳಿಗೇರುತ್ತವೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಆಷಾಢದಲ್ಲಿ ತೇವಕ್ಕೇನು ಬರ!

ಆ ದಿನಗಳಲ್ಲಿ ಒಗೆಯಲು ಮಾತ್ರ ಹೋಗಬೇಡಿ. ಒಣಗದೆ ಬೂಷ್ಟು ಹಿಡಿದರೆ ಎರಡು ವಾಸನೆ. ಮಳೆ ಹೊಳವಾದಾಗ ಜಗಲಿಯಾಚೆ ಕೊಡವಿ, ಅಡುಗೆ ಸೋಡ ಉದುರಿಸಿ, ಕೆಲವು ಗಂಟೆ ಬಿಟ್ಟು ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಸೋಡ ಆಮ್ಲಗಳನ್ನು ಶಮನಗೊಳಿಸುತ್ತದೆ. ಹೊಟ್ಟನ್ನು ತೆಗೆಯುವುದು ಕೊಡವುವ ಕೈಯೇ. ಸೆಂಟು ಹೊಡೆಯುವುದು ದಂಡ. ಉಣ್ಣೆಯದಾದರೆ ಬಿಸಿಲು ಬಂದ ಮೇಲೆ ತಣ್ಣೀರು, ಅಂಟುವಾಳದ ನೊರೆ ಸಾಕು. ಬೆಕ್ಕು ಉಚ್ಚೆ ಹೊಯ್ದಿದ್ದರೆ ಸೋಡ ಸಾಲದು, ಎಂಜೈಮ್ ಇರುವ ದ್ರಾವಣವೇ ಬೇಕು.