ಅದೇ ಚಿರತೆಯಾ, ಬೇರೆಯದಾ?



2024ರ ಡಿಸೆಂಬರ್ 31ರ ಬೆಳಗಿನ ಜಾವ ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ಒಂದು ಚಿರತೆ ಓಡಾಡಿದ್ದು ಕ್ಯಾಮೆರಾದಲ್ಲಿ ಕಾಣಿಸಿತು. ಅರಣ್ಯ ಇಲಾಖೆಯವರು ಬೋನಿಟ್ಟು, ಡ್ರೋನ್ ಹಾರಿಸಿ ದಿನಗಟ್ಟಲೆ ಹುಡುಕಿದರೂ ಅದು ಸಿಗಲಿಲ್ಲ. ನಾನು ಮೈಸೂರಿನಿಂದ ದಿನಾ ಬಸ್ಸಿನಲ್ಲಿ ಬರುವವನು. ಆ ವಾರವೆಲ್ಲ ಬಸ್ಸಿನಲ್ಲಿ ಅದೇ ಮಾತು. ಶಾಲೆಗೆ ಬಂದರೆ ಇಲ್ಲೂ ಅದೇ. ಒಂಬತ್ತನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸಾ, ನಮ್ ಕಬ್ಬಿನ್ ಗದ್ದೇಲಿ ಕಂಡಿದ್ದೂ ಅದೂ ಒಂದೇಯಾ?"

ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಅವನ ಮನೆಯ ಮೇಕೆಯೊಂದು ಹಿಂದಿನ ತಿಂಗಳು ಚಿರತೆಯ ಪಾಲಾಗಿತ್ತು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ಟಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ಕು ಜನ ಚಿರತೆಗೆ ಬಲಿಯಾದರು, ಅವರಲ್ಲಿ ಓದುವ ಮಕ್ಕಳೂ ಇದ್ದರು. ಆಗ ಎಲ್ಲರ ಬಾಯಲ್ಲೂ ಇದೇ ಪ್ರಶ್ನೆ: ಒಂದೇ ಪ್ರಾಣಿಯೋ, ಬೇರೆಬೇರೆಯೋ? ಬೋನಿಗೆ ಬಿದ್ದದ್ದು ಅದೇನಾ? ಬೇರೆ ಚಿರತೆಯನ್ನು ಹಿಡಿದು ಸಾಗಿಸಿಬಿಟ್ಟರೆ ಊರವರು ಧೈರ್ಯವಾಗಿ ಹೊರಗೆ ಓಡಾಡತೊಡಗುತ್ತಾರೆ. ನಿಜವಾದದ್ದು ಗದ್ದೆಯಲ್ಲೇ ಇರುತ್ತದೆ.

ಚಿರತೆಯ ಮೈಮೇಲಿನ ಚುಕ್ಕೆಗಳು ನಮ್ಮ ಬೆರಳಚ್ಚಿನಂತೆ, ಒಂದರಂತೆ ಇನ್ನೊಂದಕ್ಕಿಲ್ಲ. ಒಳ್ಳೆಯ ಫೋಟೋ ಸಿಕ್ಕರೆ ಗುರುತು ಹಿಡಿಯಬಹುದು. ಆದರೆ ಅದರ ಎಡಮೈಯ ಚುಕ್ಕೆ ಬೇರೆ, ಬಲಮೈಯದು ಬೇರೆ. ಆದ್ದರಿಂದ ಕಾಡಿನ ದಾರಿಯಲ್ಲಿ ಎರಡು ಕಡೆಯೂ ಕ್ಯಾಮೆರಾ ಕಟ್ಟುತ್ತಾರೆ. ಕಬ್ಬಿನ ಗದ್ದೆಗೆಲ್ಲ ಯಾರು ಕಟ್ಟುತ್ತಾರೆ? ರಾತ್ರಿ ಮಸುಕಾಗಿ ಸರಿದುಹೋದ ಆಕಾರದಲ್ಲಿ ಚುಕ್ಕೆ ಎಣಿಸುವುದಾದರೂ ಹೇಗೆ?

ಇನ್ನೊಂದು ದಾರಿ ಇದೆ. ಮೂಗು ಮುಚ್ಚಿಕೊಳ್ಳದೆ ಓದಿ. ಚಿರತೆ ಬಿಟ್ಟುಹೋದ ಹಿಕ್ಕೆ! (ನೀವು ಅದಕ್ಕೆ ಏನನ್ನುತ್ತೀರೋ ನನಗೆ ಗೊತ್ತು, ಗೋಡೆಯ ಮೇಲೆ ಅದನ್ನು ಬರೆಯಲಾಗದು.) ಹುಲಿ, ಚಿರತೆಗಳು ಇದು ತಮ್ಮ ಜಾಗ ಎಂದು ಸಾರಲು ಗಾಡಿದಾರಿ, ಕಾಲುದಾರಿಯ ಮೇಲೆಯೇ ಹಿಕ್ಕೆ ಹಾಕುವುದುಂಟು. ಆಹಾರದ ಕಸ ಕರುಳಿನಲ್ಲಿ ಸಾಗುವಾಗ ಕರುಳಿನ ಒಳಪದರದ ಜೀವಕೋಶಗಳು ಉಜ್ಜಿ ಕಳಚಿ ಹಿಕ್ಕೆಯ ಹೊರಮೈಗೆ ಅಂಟಿಕೊಳ್ಳುತ್ತವೆ. ಜೀವಕೋಶ ಇದ್ದಲ್ಲಿ ಡಿಎನ್‌ಎ ಇರುತ್ತದೆ ಎಂದು ಹತ್ತನೆಯವರಿಗೆ ಹೇಳಬೇಕಾಗಿಲ್ಲ. ಪ್ರಾಣಿಯನ್ನು ಮುಟ್ಟುವಂತಿಲ್ಲ, ಮದ್ದು ಹೊಡೆದು ಮಲಗಿಸುವಂತಿಲ್ಲ, ರಕ್ತ ತೆಗೆಯುವಂತಿಲ್ಲ. ಯಾರೋ ಬಂದಿದ್ದರು ಎಂಬುದೂ ಅದಕ್ಕೆ ತಿಳಿಯದು.

ಆದರೆ ಬಿಸಿಲು, ಮಳೆ ಎರಡೂ ಡಿಎನ್‌ಎಗೆ ಶತ್ರು. ಹಾಗಾಗಿ ಹಿಕ್ಕೆ ಹೊಸದಿರಬೇಕು. ಕೈಗವಸು ಹಾಕಿ ಸ್ವಲ್ಪ ತೆಗೆದು, ಆಲ್ಕೋಹಾಲಿನಲ್ಲೋ ತೇವ ಹೀರುವ ಹರಳಿನಲ್ಲೋ ಇಟ್ಟು, ಜಾಗ ಮತ್ತು ತಾರೀಕು ಬರೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ.

ಅಲ್ಲಿಯ ಮೊದಲ ತೊಡಕು ಏನು ಗೊತ್ತೆ? ಹಿಕ್ಕೆಯಲ್ಲಿ ಚಿರತೆಯ ಡಿಎನ್‌ಎ ಮಾತ್ರ ಇರುವುದಿಲ್ಲ. ಅದು ತಿಂದ ಮೇಕೆಯದೂ ನಾಯಿಯದೂ ಇರುತ್ತದೆ, ಅಸಂಖ್ಯ ಬ್ಯಾಕ್ಟೀರಿಯಾಗಳದೂ ಇರುತ್ತದೆ. ಜಾತ್ರೆಯಲ್ಲಿ ನಮ್ಮವರನ್ನು ಹುಡುಕಿದಂತೆ! ಅದಕ್ಕೆಂದು ಚಿರತೆಯ ಡಿಎನ್‌ಎಗೆ ಮಾತ್ರ ಹೋಗಿ ಕಚ್ಚಿಕೊಳ್ಳುವ ಸಣ್ಣ ತುಣುಕುಗಳನ್ನು ಮೊದಲೇ ತಯಾರಿಸಿರುತ್ತಾರೆ. ಪಿಸಿಆರ್ ಯಂತ್ರದಲ್ಲಿ ಬಿಸಿ ಮಾಡಿ, ತಣಿಸಿ, ಮತ್ತೆ ಬಿಸಿ ಮಾಡಿದಾಗ ಬೇಕಾದ ಭಾಗ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಹೀಗೆ ಮೂವತ್ತು ಸಲ ಇಮ್ಮಡಿಯಾದರೆ ನೂರು ಕೋಟಿ ದಾಟುತ್ತದೆ. (ಗುಣಿಸಿ ನೋಡಿ.) ಇಷ್ಟಾದ ಮೇಲೆ ಇದು ಚಿರತೆಯೋ ಹುಲಿಯೋ, ಗಂಡೋ ಹೆಣ್ಣೋ ತಿಳಿಯುತ್ತದೆ.

ಯಾವ ಚಿರತೆ ಎಂದು ತಿಳಿಯುವುದು ಮುಂದಿನ ಹೆಜ್ಜೆ. ಡಿಎನ್‌ಎಯ ಕೆಲವು ಕಡೆ ಎರಡು ಮೂರು ಅಕ್ಷರಗಳು ತೊದಲಿದಂತೆ ಮತ್ತೆ ಮತ್ತೆ ಬರುತ್ತವೆ. ಸಿಎ ಸಿಎ ಸಿಎ ಎಂದು ಒಂದು ಚಿರತೆಯಲ್ಲಿ ಹದಿನಾಲ್ಕು ಸಲ, ಇನ್ನೊಂದರಲ್ಲಿ ಹದಿನೇಳು ಸಲ ಇರಬಹುದು. ಪ್ರತಿ ಜಾಗದಲ್ಲೂ ಒಂದು ಎಣಿಕೆ ತಾಯಿಯಿಂದ, ಒಂದು ತಂದೆಯಿಂದ ಬಂದದ್ದು. ಒಂದೇ ಜಾಗ ನೋಡಿದರೆ ಹಲವು ಚಿರತೆ ಹೊಂದಿಯಾವು. ಹತ್ತು ಜಾಗ ನೋಡಿದರೆ? ನಮ್ಮ ಶಾಲೆಯಲ್ಲಿ ಕಾವ್ಯ ಎಂಬವರು ಮೂವರಿದ್ದಾರೆ. ಇನಿಷಿಯಲ್, ಹುಟ್ಟಿದ ದಿನ, ಊರು ಸೇರಿಸಿದರೆ ಒಬ್ಬಳೇ ಉಳಿಯುತ್ತಾಳೆ. ಹಿಕ್ಕೆಯ ಡಿಎನ್‌ಎ ಹಾಳಾಗಿರುವುದರಿಂದ ಒಮ್ಮೆ ಓದಿದ್ದನ್ನು ನಂಬುವುದಿಲ್ಲ, ಹಲವು ಸಲ ಓದುತ್ತಾರೆ.

ಇದು ನಮ್ಮ ಕಡೆಯಲ್ಲೇ ಪರೀಕ್ಷೆಯಾಗಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್, ಸಾಮ್ರಾಟ್ ಮೊಂಡಲ್, ಹುಲಿ ತಜ್ಞ ಉಲ್ಲಾಸ ಕಾರಂತ ಮತ್ತು ಸಂಗಡಿಗರು ಬಂಡೀಪುರದ ಹುಲಿ ಹಿಕ್ಕೆಗಳನ್ನು ಓದಿ 58 ಬೇರೆಬೇರೆ ಹುಲಿಗಳನ್ನು ಗುರುತಿಸಿದರು. ಕಣ್ತಪ್ಪಿದವನ್ನೂ ಸೇರಿಸಿ ಅವರು ಕೊಟ್ಟ ಅಂದಾಜು 66. ಕ್ಯಾಮೆರಾದಿಂದ ಮಾಡಿದ ಅಂದಾಜೂ 66! ಇದು 2009ರಲ್ಲಿ ಪ್ರಕಟವಾಯಿತು. ಎರಡೂ ಲೆಕ್ಕ ಹದಿಮೂರರಷ್ಟು ಆಚೀಚೆ ಇರಬಹುದೆಂದೂ ಅವರೇ ಹೇಳಿದ್ದಾರೆ. ಹಾಗೆ ಒಪ್ಪಿಕೊಳ್ಳುವ ಲೆಕ್ಕವನ್ನೇ ನಾನು ಹೆಚ್ಚು ನಂಬುವುದು.

ಕಾಣದ ಹುಲಿಯನ್ನು ಎಣಿಸುವುದು ಹೇಗೆ ಅನ್ನುತ್ತೀರಾ? ಡಬ್ಬದಲ್ಲಿ ಅವರೆಕಾಳು ಇದೆ ಎನ್ನಿ, ಎಷ್ಟೆಂದು ಗೊತ್ತಿಲ್ಲ. 50 ಕಾಳು ತೆಗೆದು ಕೆಂಪು ಇಂಕಿನ ಚುಕ್ಕೆ ಇಟ್ಟು ವಾಪಸ್ ಹಾಕಿ ಕಲಸಿ. ಮತ್ತೆ ನೋಡದೆ 40 ತೆಗೆಯಿರಿ. ಅದರಲ್ಲಿ 10ಕ್ಕೆ ಚುಕ್ಕೆ ಇದ್ದರೆ, ನಾಲ್ಕರಲ್ಲಿ ಒಂದು ಗುರುತಿನದು ಎಂದಾಯಿತು. ಗುರುತಿಟ್ಟದ್ದು 50, ಆದ್ದರಿಂದ ಡಬ್ಬದಲ್ಲಿ ಸುಮಾರು 200. ಒಂದೇ ಹುಲಿಯ ಹಿಕ್ಕೆ ಎರಡನೇ ಸಲ ಸಿಕ್ಕರೆ ಚುಕ್ಕೆಯ ಕಾಳು ಮತ್ತೆ ಕೈಗೆ ಬಂದಂತೆ. ನಿಜದ ಲೆಕ್ಕ ಇದಕ್ಕಿಂತ ಕಷ್ಟ, ಉಪಾಯ ಮಾತ್ರ ಇದೇ.

ಪಟ್ಟೆಯೂ ಚುಕ್ಕೆಯೂ ಇಲ್ಲದ ಸೀಳುನಾಯಿಗೆ ಫೋಟೋ ಅಷ್ಟಾಗಿ ಉಪಯೋಗವಿಲ್ಲ, ಎಲ್ಲವೂ ಕೆಂಪಗೆ ಒಂದೇ ಥರ. ಬಂಡೀಪುರಕ್ಕೆ ಅಂಟಿಕೊಂಡ ವಯನಾಡು ಅಭಯಾರಣ್ಯದಲ್ಲಿ ಅರ್ಜುನ್ ಶ್ರೀವತ್ಸ ಮತ್ತು ಸಂಗಡಿಗರು ಹಿಕ್ಕೆಯಿಂದಲೇ ಸುಮಾರು ಐವತ್ತು ಸೀಳುನಾಯಿಗಳಿವೆ ಎಂದು ಅಂದಾಜು ಮಾಡಿದರು.

ಮತ್ತೆ ಆ ಹುಡುಗನ ಮೇಕೆಗೆ ಬರೋಣ. ಸತ್ತ ಮೇಕೆಯ ಕುತ್ತಿಗೆಯ ಗಾಯದಲ್ಲಿ ಚಿರತೆಯ ಜೊಲ್ಲು ಅಂಟಿರುತ್ತದೆ. ಜೊಲ್ಲಿನಲ್ಲೂ ಜೀವಕೋಶಗಳಿವೆ. ಹತ್ತಿಯಿಂದ ಒರೆಸಿ ಕಳಿಸಿದರೆ, ಬೋನಿಗೆ ಬಿದ್ದ ಚಿರತೆಯ ಡಿಎನ್‌ಎ ಜೊತೆ ಹೋಲಿಸಬಹುದು. ಆದ್ದರಿಂದ ಅರಣ್ಯ ಇಲಾಖೆಯವರು ಬರುವ ಮುಂಚೆ ಗಾಯ ತೊಳೆಯಬಾರದು, ಹೂಳಬಾರದು ಎಂದು ಮನೆಯಲ್ಲಿ ಹೇಳಿ. ಉತ್ತರ ಬರಲು ದಿನಗಳು ಹಿಡಿಯುತ್ತವೆ. ಹಟ್ಟಿಯ ಬಾಗಿಲು ಭದ್ರ ಮಾಡುವುದಕ್ಕೆ ಅದನ್ನು ಕಾಯುತ್ತ ಕೂರುವಂತಿಲ್ಲ.

"ಯಾವ್ದಾದ್ರೂ ಆಗ್ಲಿ ಸಾ, ಎಲ್ಲಾನೂ ಹಿಡ್ದಾಕ್ಬುಟ್ರೆ?" ಎಂದ ಇನ್ನೊಬ್ಬ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಮಹಾರಾಷ್ಟ್ರದ ಜುನ್ನರ್‌ನಲ್ಲಿ ಹಾಗೆ ಮಾಡಿ ನೋಡಿದ್ದಾರೆ. 2001ರಿಂದ ಹಿಡಿದು ಹಿಡಿದು ಕಾಡಿಗೆ ಬಿಟ್ಟರು. ಮನುಷ್ಯರ ಮೇಲಿನ ದಾಳಿ ವರ್ಷಕ್ಕೆ ಸರಾಸರಿ 4 ಇದ್ದದ್ದು 17ಕ್ಕೆ ಏರಿತು ಎಂದು ವಿದ್ಯಾ ಆತ್ರೇಯ ಮತ್ತು ಸಂಗಡಿಗರು 2011ರಲ್ಲಿ ಬರೆದರು. ಯಾರಿಗೂ ತೊಂದರೆ ಕೊಡದೆ ಇದ್ದದ್ದನ್ನು ಎತ್ತಿ ಗೊತ್ತಿಲ್ಲದ ಜಾಗಕ್ಕೆ ಹಾಕಿದರೆ ಅದು ಹೇಗೆ ನಡೆದುಕೊಳ್ಳುತ್ತದೋ ಹೇಳುವುದು ಕಷ್ಟ. ತೆರವಾದ ಜಾಗಕ್ಕೆ ಹೊಸದು ಬರುವುದೂ ಉಂಟು.

ಹುಡುಗನ ಪ್ರಶ್ನೆಗೆ ನನ್ನ ಉತ್ತರ: "ಗೊತ್ತಿಲ್ಲಪ್ಪ. ಇನ್ಫೋಸಿಸ್ಸಿನಲ್ಲಿ ಕಂಡದ್ದರ ಹಿಕ್ಕೆ, ನಿಮ್ಮ ಗದ್ದೆಯದರ ಹಿಕ್ಕೆ ಎರಡೂ ಸಿಕ್ಕಿದ್ದರೆ ಹೇಳಬಹುದಿತ್ತು." ಅವನು ಮಾರನೇ ದಿನ ಪ್ಲಾಸ್ಟಿಕ್ ಕವರಿನಲ್ಲಿ ಏನೋ ತಂದ. ಒಡೆದು ನೋಡದೆಯೇ ಹೇಳಬಹುದಿತ್ತು, ಅದು ಬೀದಿನಾಯಿಯದು. ಇನ್ನು ಮುಂದೆ ಯಾರೂ ತರಬೇಡಿ, ಮುಟ್ಟಲೂ ಬೇಡಿ, ಅದರಲ್ಲಿ ಹುಳದ ಮೊಟ್ಟೆಗಳಿರುತ್ತವೆ. ಹುಡುಕಿಕೊಂಡು ಗದ್ದೆಗಂತೂ ಹೋಗಲೇಬೇಡಿ. ಕಣ್ಣಿಗೆ ಬಿದ್ದರೆ ಜಾಗ ನೆನಪಿಟ್ಟುಕೊಂಡು ದೊಡ್ಡವರಿಗೆ ಹೇಳಿ.

ಅವರೆಕಾಳಿನ ಡಬ್ಬ ವಿಜ್ಞಾನ ಕೊಠಡಿಯ ಕಿಟಕಿಯ ಬಳಿ ಇದೆ. ಎಷ್ಟು ಕಾಳು ಇದೆ ಎಂದು ನನಗೆ ಮಾತ್ರ ಗೊತ್ತು. ಸುರಿದು ಎಣಿಸದೆ ಲೆಕ್ಕ ಮಾಡಿ, ಹೆಸರು ಬರೆದ ಚೀಟಿಯನ್ನು ಶನಿವಾರದೊಳಗೆ ನನಗೆ ಕೊಡಿ.