ಕಾಡಂಚಿನ ಊರಿನಲ್ಲಿ ಹೈನುಗಾರಿಕೆ: ಕೊಟ್ಟಿಗೆಯೂ ಉಳಿಯಲಿ, ಕಾಡೂ ಉಳಿಯಲಿ



2025ರ ಜೂನ್ ಕೊನೆಯಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಹಿಡಿದಿದ್ದ ಹಸುವಿನ ಕಳೇಬರಕ್ಕೆ ಕೀಟನಾಶಕ ಬೆರೆಸಿದ್ದು ತನಿಖೆಯಲ್ಲಿ ತಿಳಿದುಬಂತು. ಸುದ್ದಿ ಓದಿದವರೆಲ್ಲ ಹುಲಿಗಾಗಿ ಮರುಗಿದರು. ಹಸು ಸಾಕಿ ಬದುಕುವ ನಮಗೆ ಆ ಸತ್ತ ಹಸುವಿನ ಸಂಕಟವೂ ಗೊತ್ತು. ಹುಲಿಯೂ ಸಾಯದೆ, ಹಸುವೂ ಸಾಯದೆ, ಮನೆಯ ಸಂಪಾದನೆಯೂ ತಪ್ಪದೆ ಇರಲು ದಾರಿ ಇದೆಯೇ? ಕಾಡಂಚಿನ ಊರುಗಳ ಸದಸ್ಯರು ಯೋಚಿಸಬೇಕಾದ ಪ್ರಶ್ನೆ ಇದು.

ಹೆಚ್ಚು ದನ ಸಾಕಿದ್ದು ಏಕೆ?

"ಹಾಲಿಲ್ಲದ ಹತ್ತು ದನ ಏಕೆ ಸಾಕುತ್ತೀರಿ?" ಎಂದು ಹೊರಗಿನವರು ಕೇಳುವುದುಂಟು. ಇದು ದಡ್ಡತನವಲ್ಲ, ಇದರ ಹಿಂದೆ ಒಂದು ಲೆಕ್ಕವಿದೆ. ಬಂಡೀಪುರದ ಅಂಚಿನ ಊರುಗಳ ಬಗ್ಗೆ ವನ್ಯಜೀವಿ ವಿಜ್ಞಾನಿ ಎಂ.ಡಿ. ಮಧುಸೂದನ್ ಅವರು 2005ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಲೆಕ್ಕವನ್ನು ಬಿಡಿಸಿ ತೋರಿಸಿತು. ಕಾಫಿಗೆ ಬೆಲೆ ಏರಿದಂತೆ ಕಾಫಿ ಬೆಳೆಯುವ ಸೀಮೆಗಳಲ್ಲಿ ಸಗಣಿ ಗೊಬ್ಬರಕ್ಕೆ ಬೇಡಿಕೆ ಬಂತು. ಹಿಂದೆ ಸ್ವಂತ ಹೊಲಕ್ಕೆ ಹೋಗುತ್ತಿದ್ದ ಗೊಬ್ಬರ ಮಾರಾಟದ ವಸ್ತುವಾಯಿತು. ಮೇವು ಕಾಡಿನಲ್ಲಿ ಬಿಟ್ಟಿ ಸಿಗುತ್ತಿದ್ದುದರಿಂದ, ಹಾಲು ಕೊಡದಿದ್ದರೂ ಸಗಣಿಗಾಗಿಯೇ ದನ ಉಳಿಸಿಕೊಳ್ಳುವುದು ಲಾಭವೆನಿಸಿತು.

ಆದರೆ ಈ ಲೆಕ್ಕದಲ್ಲಿ ಕೆಲವು ಖರ್ಚುಗಳು ಬಿಟ್ಟುಹೋಗಿವೆ.

ಕಾಡಿನೊಳಗೆ ಏನಾಗುತ್ತದೆ?

ಬಂಡೀಪುರವು 1973ರಲ್ಲಿ ಹುಲಿ ಯೋಜನೆ ಪ್ರಾರಂಭವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು. ಅಲ್ಲಿನ ಹುಲ್ಲನ್ನು ಜಿಂಕೆ, ಕಡವೆ, ಕಾಡೆಮ್ಮೆ, ಆನೆಗಳು ನಂಬಿವೆ. ಲಾಂಟಾನ ಪೊದೆ ಹಬ್ಬಿ ಹುಲ್ಲಿನ ಜಾಗ ಕುಗ್ಗಿದೆ. ಉಳಿದ ಹುಲ್ಲನ್ನು ಊರ ದನಗಳು ಮೇಯ್ದರೆ ಕಾಡುಪ್ರಾಣಿಗಳ ಹೊಟ್ಟೆಗೆ ಕಡಿಮೆಯಾಗುತ್ತದೆ. ಜಿಂಕೆ, ಕಡವೆ ಕಡಿಮೆಯಾದರೆ ಹುಲಿಗೆ ಕಣ್ಣೆದುರು ಕಾಣುವುದು ನಮ್ಮ ದನವೇ. ಬಂಡೀಪುರದಲ್ಲೇ ದನಗಳ ಸಂಖ್ಯೆ ಇಳಿದ ಒಂದು ಭಾಗದಲ್ಲಿ ಕಾಡೆಮ್ಮೆಗಳು ಮತ್ತೆ ಹೆಚ್ಚಾದುದನ್ನು 2004ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ದಾಖಲಿಸಿದೆ. ಅಂದರೆ ಅವಕಾಶ ಕೊಟ್ಟರೆ ಕಾಡು ಚೇತರಿಸಿಕೊಳ್ಳುತ್ತದೆ.

ರೋಗವೂ ಎರಡು ಕಡೆಗೆ ಓಡಾಡುತ್ತದೆ. 1968ರಲ್ಲಿ, ಹಿರಿಯರು 'ದೊಡ್ಡ ರೋಗ' ಎನ್ನುತ್ತಿದ್ದ ರಿಂಡರ್‌ಪೆಸ್ಟ್ ಬಂಡೀಪುರ, ಮುದುಮಲೆ ಕಾಡುಗಳ ಕಾಡೆಮ್ಮೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಬಲಿ ತೆಗೆದುಕೊಂಡಿತು. ಲಸಿಕೆಯ ಫಲವಾಗಿ ಆ ರೋಗ 2011ರಲ್ಲಿ ಇಡೀ ಜಗತ್ತಿನಿಂದಲೇ ತೊಲಗಿತು. ಆದರೆ ಕಾಲುಬಾಯಿ ಜ್ವರ ಇನ್ನೂ ಇದೆ. ಇನ್ನು ಮಂಗನ ಕಾಯಿಲೆ: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆ 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಮುಟ್ಟಿದ ಅರಣ್ಯ ಸಿಬ್ಬಂದಿಗೂ ತಗುಲಿತು. ಇದನ್ನು ಹರಡುವುದು ಉಣ್ಣೆ. ಕಾಡಿನಲ್ಲಿ ಮೇಯುವ ದನದ ರಕ್ತ ಕುಡಿದು ಉಣ್ಣೆಗಳು ಹೆಚ್ಚುತ್ತವೆ. ದನದ ಮೈ ಹಿಡಿದು ಊರಿಗೂ ಬರುತ್ತವೆ. ಸತ್ತ ಮಂಗವನ್ನು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ.

ಕೊಟ್ಟಿಗೆಯ ಲೆಕ್ಕ ಬರೆದು ನೋಡಿ

ಸಗಣಿಯ ಲೆಕ್ಕವನ್ನೇ ಮೊದಲು ನೋಡೋಣ. ದಿನಕ್ಕೆ ಸುಮಾರು 10 ಕಿಲೋ ಸಗಣಿ ಹಾಕುವ ದನ 8 ಗಂಟೆ ಕಾಡಿನಲ್ಲಿದ್ದರೆ ಮೂರರಲ್ಲಿ ಒಂದು ಪಾಲು ಕಾಡಿನಲ್ಲೇ ಉಳಿಯುತ್ತದೆ, ಗಂಜಲವೂ ಹೋಯಿತು. ಕೊಟ್ಟಿಗೆಯಲ್ಲಿ ಕಟ್ಟಿದ ದನದ ಸಗಣಿ, ಗಂಜಲ ಪೂರ್ತಿ ತಿಪ್ಪೆಗುಂಡಿಗೆ ಬರುತ್ತದೆ. ಆದ್ದರಿಂದ ದನ ಕಡಿಮೆಯಾದಷ್ಟೇ ಗೊಬ್ಬರ ಕಡಿಮೆಯಾಗುವುದಿಲ್ಲ.

ದಿನಕ್ಕೆ ಸುಮಾರು 50 ಕಿಲೋ ಸಗಣಿ ಇದ್ದರೆ 2 ಘನ ಮೀಟರ್ ಗೋಬರ್ ಗ್ಯಾಸ್ ಘಟಕ ನಡೆಯುತ್ತದೆ. ಮೂರು ನಾಲ್ಕು ಮಿಶ್ರತಳಿ ರಾಸುಗಳಿದ್ದರೆ ಇಷ್ಟು ಸಿಗುತ್ತದೆ. ಸಣ್ಣ ಕುಟುಂಬದ ಅಡುಗೆಗೆ ಸಾಕು. ಅನಿಲ ಒಲೆಗೆ ಹೋದರೂ ಹೊರಬರುವ ಬಗ್ಗಡ ಒಳ್ಳೆಯ ಗೊಬ್ಬರವೇ. ಮನೆಯ ಹೆಣ್ಣುಮಕ್ಕಳು ಸೌದೆಗೆಂದು ಆನೆಗಳಿರುವ ಕಾಡಿಗೆ ಹೋಗುವುದು ತಪ್ಪುತ್ತದೆ.

ಈಗ ಬಿಟ್ಟುಹೋದ ಖರ್ಚುಗಳನ್ನೂ ಬರೆಯಿರಿ: ದನ ಕಾಯುವ ಆಳಿನ ದಿನದ ದುಡಿಮೆ, ದನ ಕಾಯಲು ಶಾಲೆ ಬಿಡಿಸಿದ ಹುಡುಗನ ಓದು, ಹುಲಿ ಚಿರತೆ ಹಿಡಿದ ರಾಸುಗಳು, ನಡೆದು ದಣಿದು ಇಳಿಯುವ ಹಾಲು. ಒಂದು ವರ್ಷದ ಲೆಕ್ಕ ಬರೆದ ಮೇಲೆ ನೀವೇ ತೀರ್ಮಾನಿಸಿ.

ಇರುವ ದನಗಳನ್ನೆಲ್ಲ ನಾಳೆಯೇ ಮಾರಿಬಿಡಿ ಎಂದು ನಾವು ಹೇಳುತ್ತಿಲ್ಲ. ಕಟ್ಟಿ ಮೇಯಿಸಲು ಮೇವಿಗೂ ಪಶು ಆಹಾರಕ್ಕೂ ಹಣ ಬೇಕು. ಮೊದಲು ಕರೆಯುವ ಹಸುವನ್ನು ಕಾಡಿಗೆ ಬಿಡುವುದು ನಿಲ್ಲಿಸಿ. ಬೆದೆಗೆ ಬಂದ ಹಸುವಿಗೆ ಸಕಾಲದಲ್ಲಿ ಕೃತಕ ಗರ್ಭಧಾರಣೆ ಮಾಡಿಸಿ. ಹೊಸ ರಾಸು ತರುವಾಗ ಸಂಖ್ಯೆ ನೋಡದೆ ಹಾಲು ನೋಡಿ. ಹೀಗೆ ಮಾಡಿದರೆ ನಾಲ್ಕೈದು ವರ್ಷಗಳಲ್ಲಿ ಮಂದೆ ತಾನಾಗಿ ಚಿಕ್ಕದಾಗುತ್ತದೆ.

ಮೇವು ಎಲ್ಲಿಂದ ತರುವುದು?

1. ನೀರಿದ್ದವರು ಸ್ವಲ್ಪ ಜಾಗದಲ್ಲಾದರೂ ನೇಪಿಯರ್ ಹುಲ್ಲು ನೆಡಿ. ಜೊತೆಗೆ ಅಲಸಂದೆ ಅಥವಾ ಕುದುರೆ ಮೆಂತ್ಯ ಇರಲಿ.

2. ಮಳೆ ನಂಬಿದವರು ಬದುಗಳಲ್ಲಿ ಅಗಸೆ, ನುಗ್ಗೆ, ಗ್ಲಿರಿಸಿಡಿಯ ಬೆಳೆಸಿ. ಜೋಳದ ಕಡ್ಡಿಯನ್ನು ಕತ್ತರಿಸಿ ಹಾಕಿ; ಇಡಿಯಾಗಿ ಹಾಕಿದರೆ ಬಹಳಷ್ಟು ಗೋದಲಿಯಲ್ಲೇ ಹಾಳಾಗುತ್ತದೆ.

3. ಹುಲ್ಲಿಗೆ ಯೂರಿಯಾ ಉಪಚಾರ ಮಾಡಿ. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಹುಲ್ಲನ್ನು ಪದರ ಪದರವಾಗಿ ಹಾಸಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. 21 ದಿನಗಳ ನಂತರ ಬೇಕಾದಷ್ಟು ತೆಗೆದು, ಘಾಟು ಹೋಗುವವರೆಗೆ ಹರಡಿ, ಮೊದಲು ಸ್ವಲ್ಪ ಸ್ವಲ್ಪವೇ ತಿನ್ನಿಸಿ. ಆರು ತಿಂಗಳೊಳಗಿನ ಕರುಗಳಿಗೆ ಬೇಡ. ಯೂರಿಯಾ ನೀರನ್ನು ದನ ಕುಡಿಯದಂತೆ ಎಚ್ಚರ ವಹಿಸಿ. ಕುಡಿದರೆ ಪ್ರಾಣಕ್ಕೇ ಅಪಾಯ.

4. ಜಮೀನಿಲ್ಲದ ಸದಸ್ಯರಿಗಾಗಿ ಗೋಮಾಳದಲ್ಲಿ ಮೇವು ಬೆಳೆಸುವ ವಿಷಯವನ್ನು ಸಂಘದ ಸಭೆಯಲ್ಲಿಟ್ಟು ಗ್ರಾಮ ಪಂಚಾಯಿತಿಯೊಡನೆ ಮಾತನಾಡಿ. ಅವರನ್ನು ಬಿಟ್ಟು ಕಾಡು ಉಳಿಸಲು ಸಾಧ್ಯವಿಲ್ಲ.

ಹುಲಿ ಹಸು ಹಿಡಿದರೆ

ಕಳೇಬರವನ್ನು ಕದಲಿಸಬೇಡಿ; ಹತ್ತಿರ ಗುಂಪು ಸೇರಬೇಡಿ. ತಕ್ಷಣ ವಲಯ ಅರಣ್ಯಾಧಿಕಾರಿಗಳ ಕಚೇರಿಗೂ ಪಶುವೈದ್ಯರಿಗೂ ತಿಳಿಸಿ. ಪರಿಹಾರಕ್ಕೆ ಸ್ಥಳ ಪರಿಶೀಲನೆ ಮತ್ತು ವೈದ್ಯರ ವರದಿಯೇ ಆಧಾರ. ರಾಸಿನ ಕಿವಿಯೋಲೆಯ ಸಂಖ್ಯೆ ಬರೆದಿಟ್ಟುಕೊಂಡಿರಿ. ರಾಷ್ಟ್ರೀಯ ಉದ್ಯಾನದೊಳಗೆ ದನ ಮೇಯಿಸಲು 1972ರ ವನ್ಯಜೀವಿ ಕಾಯ್ದೆಯಲ್ಲಿ ಅವಕಾಶವಿಲ್ಲ. ವಿಷವಿಟ್ಟು ಹುಲಿ ಕೊಂದರೆ ಕನಿಷ್ಠ 3 ವರ್ಷ ಸೆರೆವಾಸ. ಆ ಮಾಂಸ ತಿಂದ ನಾಯಿ, ಹದ್ದುಗಳೂ ಸಾಯುತ್ತವೆ. ಸತ್ತ ಹಸು ಮಾತ್ರ ತಿರುಗಿ ಬರುವುದಿಲ್ಲ.

ಪಾಠ ಎಲ್ಲಿಂದ ಆರಂಭವಾಗಬೇಕು?

ಅರಣ್ಯ ಇಲಾಖೆಯ 'ಚಿಣ್ಣರ ವನ ದರ್ಶನ' ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತಾರೆ. ನಿಮ್ಮ ಊರಿನ ಶಾಲೆಗೂ ಇದು ಸಿಗುವಂತೆ ಶಿಕ್ಷಕರೊಡನೆ ಮಾತನಾಡಿ. ಕಾಡಂಚಿನ ಮಕ್ಕಳಿಗೆ ಹುಲಿಯ ಭಯ ಗೊತ್ತು. ಊರಿನ ಕೆರೆ ತುಂಬಲು ಕಾಡು ಏಕೆ ಬೇಕು ಎಂಬುದನ್ನು ಯಾರಾದರೂ ಹೇಳಿಕೊಡಬೇಕು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 10,000 ಎಕರೆಗೂ ಹೆಚ್ಚು ಕಾಡು ಬೆಂಕಿಗೆ ತುತ್ತಾಯಿತು. ಬೇಸಿಗೆಯಲ್ಲಿ ಎಲ್ಲಿಯಾದರೂ ಹೊಗೆ ಕಂಡರೆ ಓಡಿಬಂದು ತಿಳಿಸುವ ಹುಡುಗ ಊರಿಗೇ ಕಾವಲುಗಾರ.

ದೊಡ್ಡವರಿಗೆ ಶಾಲೆ ಬೇರೆ ಬೇಡ. ದಿನಕ್ಕೆ ಎರಡು ಹೊತ್ತು ಹಾಲು ಹಾಕಲು ಎಲ್ಲರೂ ಸೇರುವ ಸಂಘದ ಜಗಲಿಯೇ ಸಾಕು. ಯಾರ ಹಸು ಎಷ್ಟು ಹಾಲು ಕೊಟ್ಟಿತು, ಎಷ್ಟು ಮೇವು ತಿಂದಿತು, ಯಾರ ದನ ಕಾಡಿನಿಂದ ಹಿಂತಿರುಗಲಿಲ್ಲ ಎಂಬುದನ್ನು ಅಲ್ಲಿ ಮಾತನಾಡಿಕೊಳ್ಳಿ. ಮುಂದಿನ ಸಭೆಗೆ ಬರುವಾಗ ನಿಮ್ಮ ಕೊಟ್ಟಿಗೆಯ ಲೆಕ್ಕದ ಪುಸ್ತಕವನ್ನೂ ತನ್ನಿ.